ಚುಕ್ಕಿ, ಬಾಲ, ಪ್ಯಾರಾ: ಇಂಗ್ಲಿಷ್ ಬರಹ ನೆಟ್ಟಗಾಗಲು ಹನ್ನೆರಡು ಸೂತ್ರಗಳು

ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ರಜೆ ಅರ್ಜಿ ಬರೆದಿದ್ದ. ಸೂಪರಿಂಟೆಂಡೆಂಟ್ ಸಾಹೇಬರು ಅದನ್ನು ಎರಡು ಸಲ ಓದಿದರು. ಕನ್ನಡಕ ಹಣೆಗೇರಿಸಿ, ಕಾಗದವನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ಇವನಿಗೆ 14ಕ್ಕೆ ರಜೆ ಬೇಕೋ, 14ಕ್ಕೆ ಡ್ಯೂಟಿಗೆ ಬರ್ತಾನೋ, ಸ್ವಲ್ಪ ಕೇಳ್ರೀ."

ಅರ್ಜಿಯ ಇಂಗ್ಲಿಷನ್ನು ಕನ್ನಡ ಅಕ್ಷರಕ್ಕಿಳಿಸಿದರೆ ಹೀಗಿತ್ತು: "ಸರ್ ಮೈ ಸಿಸ್ಟರ್ ಮ್ಯಾರೇಜ್ ಈಸ್ ಆನ್ 12 ಅಂಡ್ 13 ಐ ನೀಡ್ ಲೀವ್ ಆನ್ 14 ಐ ವಿಲ್ ಜಾಯಿನ್ ಡ್ಯೂಟಿ ಕೈಂಡ್ಲಿ ಗ್ರಾಂಟ್".

ಸ್ಪೆಲಿಂಗ್ ಒಂದೂ ತಪ್ಪಿಲ್ಲ. ಚುಕ್ಕಿಯೂ ಒಂದಿಲ್ಲ. "ಲೀವ್" ಆದ ಮೇಲೆ ನಿಂತರೆ ಒಂದರ್ಥ, "14" ಆದ ಮೇಲೆ ನಿಂತರೆ ಇನ್ನೊಂದರ್ಥ. ಹುಡುಗನನ್ನು ಕರೆದು ಕೇಳಿದೆ. ಒಂದೇ ಉಸಿರಿಗೆ ಹೇಳಿದ: "ಅಕ್ಕನ ಮದ್ವೆ ಸರ್, 12, 13ಕ್ಕಿದೆ, ರಜೆ ಬೇಕು, 14ಕ್ಕೆ ಬಂದ್ಬಿಡ್ತೀನಿ." ಬಾಯಿಮಾತಿನಲ್ಲಿ ಗೊಂದಲದ ಸುಳಿವೇ ಇಲ್ಲ!

ಗುಟ್ಟು ಇಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇದೆ, ಬೇಕು, ಬರ್ತೀನಿ ಅಂದ ಕೂಡಲೇ ಮಾತು ಮುಗಿಯಿತೆಂದು ಕೇಳುವವರಿಗೆ ತಿಳಿಯುತ್ತದೆ. ಅಕ್ಕನ ಎಂಬಲ್ಲಿ "ನ", ಬರ್ತೀಯಾ ಎಂಬಲ್ಲಿ "ಆ", ಬರ್ತೀನಿ ಅಂತ ಎಂಬಲ್ಲಿ "ಅಂತ": ಇವೆಲ್ಲ ಪದದ ಹಿಂದೆ ಅಂಟಿಕೊಂಡ ಬಾಲಗಳು. ಇಂಗ್ಲಿಷ್ ಪದಗಳಿಗೆ ಇಷ್ಟು ಬಾಲಗಳಿಲ್ಲ. ಹಾಗಾಗಿ ಅಲ್ಲಿ ಬಾಲದ ಕೆಲಸದಲ್ಲಿ ಬಹುಪಾಲು ಚಿಹ್ನೆಯ ಪಾಲಿಗೆ ಬಂದಿದೆ. ನಮ್ಮ ಹಳೆಯ ಶಾಸನ, ತಾಳೆಗರಿಗಳು ಪದಗಳ ನಡುವೆ ಜಾಗವನ್ನೂ ಬಿಡದೆ, ಹೆಚ್ಚೆಂದರೆ ಒಂದೆರಡು ದಂಡ ಹಾಕಿ ಬದುಕಿದವು. ಕಾಮಾ, ಫುಲ್‌ಸ್ಟಾಪ್‌ಗಳು ನಮ್ಮಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ, ಅಚ್ಚಿನ ಮೊಳೆಗಳ ಜೊತೆ.

ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದು ಸುಲಭ. ಇಂಗ್ಲಿಷ್ ಉದಾಹರಣೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಕಣ್ಣು ಸ್ಪೆಲಿಂಗ್ ಹಿಂದೆ ಓಡದೆ ಚಿಹ್ನೆಯ ಮೇಲೆ ನಿಲ್ಲಲಿ ಎಂದು.

1. ಮೊದಲು ಫುಲ್‌ಸ್ಟಾಪ್, ಮಿಕ್ಕಿದ್ದೆಲ್ಲ ಆಮೇಲೆ

ಸೆಮಿಕೋಲನ್ ಎಲ್ಲಿ ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಫುಲ್‌ಸ್ಟಾಪ್ ಸರಿಯಾಗಿ ಹಾಕುವವರು ಕಡಿಮೆ. ಒಬ್ಬ ಕರ್ತೃ, ಒಂದು ಪೂರ್ಣ ಕ್ರಿಯಾಪದ, ಒಂದು ವಿಷಯ: ಇಷ್ಟಾದ ಕೂಡಲೇ ಚುಕ್ಕಿ ಇಡಿ.

ಕನ್ನಡದಲ್ಲಿ "ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು ಆಫೀಸಿಗೆ ಬಂದೆ" ಎಂದು ಐದು ಕೆಲಸ ಒಂದೇ ದಾರದಲ್ಲಿ ಪೋಣಿಸಬಹುದು. ಎದ್ದು, ಮಾಡಿ, ತಿಂದು ಎಂಬ ಕೃದಂತಗಳೇ ಆ ದಾರ. ಇಂಗ್ಲಿಷಿನಲ್ಲಿ ಇದೇ ಸರವನ್ನು "ಅಂಡ್... ಅಂಡ್... ಅಂಡ್" ಎಂದು ಎಳೆದರೆ ಓದುಗ ಸುಸ್ತಾಗುತ್ತಾನೆ. ಎರಡು ಮೂರು ವಾಕ್ಯಗಳಾಗಿ ಒಡೆಯಿರಿ. ಹದಿನೈದು ಇಪ್ಪತ್ತು ಪದ ದಾಟಿದ ವಾಕ್ಯವನ್ನೆಲ್ಲ ಒಮ್ಮೆ ಅನುಮಾನದಿಂದ ನೋಡಿ. ಚಿಕ್ಕ ವಾಕ್ಯ ಬರೆದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಳುಕು ಬೇಡ. ಮೈಸೂರಿನಲ್ಲಿ ಕುಳಿತು ಬರೆದ ಆರ್. ಕೆ. ನಾರಾಯಣ್ ಅವರನ್ನು ಜಗತ್ತು ಓದಿದ್ದು ಅವರ ಸರಳ ವಾಕ್ಯಗಳ ಬಲದಿಂದಲೇ.

2. ಕಾಮಾದಿಂದ ಎರಡು ವಾಕ್ಯ ಹೊಲಿಯಬೇಡಿ

"ಐ ವೆಂಟ್ ಟು ದ ಬ್ಯಾಂಕ್, ದ ಮ್ಯಾನೇಜರ್ ವಾಸ್ ಆನ್ ಲೀವ್." ಇದು ನಮ್ಮವರ ಅತಿ ಸಾಮಾನ್ಯ ತಪ್ಪು. ಕಾಮಾದ ಎಡಕ್ಕೆ ಒಂದು ಪೂರ್ತಿ ವಾಕ್ಯ, ಬಲಕ್ಕೆ ಇನ್ನೊಂದು. ಇಷ್ಟು ಭಾರ ಹೊರುವ ಶಕ್ತಿ ಕಾಮಾಕ್ಕಿಲ್ಲ. ಕನ್ನಡದಲ್ಲಿ "ಬ್ಯಾಂಕಿಗೆ ಹೋದೆ, ಮ್ಯಾನೇಜರ್ ರಜೆಯಲ್ಲಿದ್ದರು" ಎಂದರೆ ನಡೆಯುತ್ತದೆ, ಏಕೆಂದರೆ "ಹೋದೆ" ಎಂಬಲ್ಲಿ ಗೇಟು ಆಗಲೇ ಮುಚ್ಚಿದೆ.

ರಿಪೇರಿಗೆ ಮೂರು ದಾರಿ:
ಚುಕ್ಕಿ ಇಟ್ಟು ಎರಡು ವಾಕ್ಯ ಮಾಡಿ.
ಕಾಮಾದ ಜೊತೆ "ಬಟ್", "ಅಂಡ್", "ಸೋ" ಇಂಥದೊಂದು ಕೊಂಡಿ ಸೇರಿಸಿ.
ಎರಡೂ ಮಾತು ತೀರ ಹತ್ತಿರದವಾದರೆ ಸೆಮಿಕೋಲನ್ ಇಡಿ.

ಒಂದು ಎಚ್ಚರಿಕೆ: "ಹೌಎವರ್", "ದೇರ್‌ಫೋರ್" ನೋಡಲು ಕೊಂಡಿಯಂತಿದ್ದರೂ ಕೊಂಡಿಯಲ್ಲ. ಅವುಗಳ ಹಿಂದೆ ಕಾಮಾ ಹಾಕಿ ಹೊಸ ವಾಕ್ಯ ಶುರು ಮಾಡಿದರೂ ತಪ್ಪು ತಪ್ಪೇ. ಹಿಂದೆ ಚುಕ್ಕಿ ಅಥವಾ ಸೆಮಿಕೋಲನ್, ಮುಂದೆ ಕಾಮಾ: ಇದು ಅವುಗಳ ಲೆಕ್ಕ.

3. ಉಸಿರು ನೋಡಿ ಕಾಮಾ ಹಾಕಬೇಡಿ, ವಾಕ್ಯದ ಕಟ್ಟು ನೋಡಿ ಹಾಕಿ

"ಉಸಿರು ತಗೊಳ್ಳೋ ಕಡೆ ಕಾಮಾ ಹಾಕು" ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ನೆನಪಿರಬಹುದು. ಅದು ಸುಳ್ಳೇನಲ್ಲ, ತೀರ ಹಳೆಯ ಮಾತು. ಸುಮಾರು 2,200 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ಬೈಜಾಂಟಿಯಮ್‌ನ ಅರಿಸ್ಟೊಫೇನಿಸ್ ಎಂಬ ವಿದ್ವಾಂಸ, ಗಟ್ಟಿಯಾಗಿ ಓದುವವರಿಗೆ ನೆರವಾಗಲೆಂದು ಮೂರು ಎತ್ತರಗಳಲ್ಲಿ ಚುಕ್ಕಿ ಇಡುವ ಪದ್ಧತಿ ತಂದ. ಸಣ್ಣ ನಿಲುಗಡೆ, ನಡುವಿನದು, ದೊಡ್ಡದು. ಕಾಮಾ, ಕೋಲನ್ ಎಂಬ ಹೆಸರುಗಳ ಮೂಲ ಅಲ್ಲಿಯ ಗ್ರೀಕ್ ಪದಗಳು. ಈಗ ನಾವು ಬರೆಯುವುದು ಮೌನವಾಗಿ ಓದುವ ಕಣ್ಣಿಗೆ. ಕಣ್ಣಿಗೆ ಬೇಕಾದದ್ದು ಕಟ್ಟು.

ಕಾಮಾಕ್ಕೆ ಮುಖ್ಯವಾಗಿ ನಾಲ್ಕು ಕೆಲಸ ಕೊಡಿ. ಒಂದು, ಪಟ್ಟಿಯಲ್ಲಿನ ವಸ್ತುಗಳನ್ನು ಬೇರ್ಪಡಿಸುವುದು. ಎರಡು, "ಬಟ್", "ಸೋ" ಮುಂತಾದವುಗಳ ಹಿಂದೆ ನಿಂತು ಎರಡು ಪೂರ್ಣ ವಾಕ್ಯ ಕೂಡಿಸುವುದು. ಮೂರು, "ಇಫ್", "ವೆನ್", "ಆಲ್‌ದೋ"ದಿಂದ ಶುರುವಾದ ಪೀಠಿಕೆ ಎಲ್ಲಿ ಮುಗಿಯಿತು ಎಂದು ತೋರಿಸುವುದು. ಕನ್ನಡದಲ್ಲಿ "ಮಳೆ ಬಂದರೆ" ಎಂಬಲ್ಲಿ "ಅರೆ"ಯೇ ಬೇಲಿ. ಇಂಗ್ಲಿಷಿನಲ್ಲಿ "ಇಫ್ ಇಟ್ ರೇನ್ಸ್" ಆದ ಮೇಲೆ ಆ ಬೇಲಿಯನ್ನು ನೀವೇ ಹಾಕಬೇಕು.

ನಾಲ್ಕನೆಯದು ಜೋಡಿ ಕಾಮಾ, ಇದು ಸೂಕ್ಷ್ಮ. "ಮೈ ಬ್ರದರ್ ಹೂ ಲಿವ್ಸ್ ಇನ್ ಹುಬ್ಬಳ್ಳಿ ಈಸ್ ಅ ಡಾಕ್ಟರ್" ಎಂದು ಕಾಮಾ ಇಲ್ಲದೆ ಬರೆದರೆ, ನಿಮಗೆ ಇನ್ನೂ ಅಣ್ಣತಮ್ಮಂದಿರಿದ್ದಾರೆ, ಹುಬ್ಬಳ್ಳಿಯವನು ಡಾಕ್ಟರ್ ಎಂದರ್ಥ. "ಮೈ ಬ್ರದರ್, ಹೂ ಲಿವ್ಸ್ ಇನ್ ಹುಬ್ಬಳ್ಳಿ, ಈಸ್ ಅ ಡಾಕ್ಟರ್" ಎಂದರೆ ಇರುವವನು ಒಬ್ಬನೇ, ಹುಬ್ಬಳ್ಳಿ ಎಂಬುದು ಮೇಲಿನ ಮಾಹಿತಿ. ಇಲ್ಲಿ ಕನ್ನಡವೂ ಕೈಕೊಡುತ್ತದೆ: "ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣ" ಎಂದರೆ ಎಷ್ಟು ಜನ ಅಣ್ಣಂದಿರು ಎಂದು ಕೇಳಿಯೇ ತಿಳಿಯಬೇಕು. ಜೋಡಿ ಕಾಮಾ ಎತ್ತಿನ ಜೋಡಿಯಿದ್ದಂತೆ. ಒಂದನ್ನು ಕಟ್ಟಿ ಇನ್ನೊಂದನ್ನು ಮರೆತರೆ ಗಾಡಿ ವಾಲುತ್ತದೆ.

ಕರ್ತೃ ಎಷ್ಟೇ ಉದ್ದವಿದ್ದರೂ ಅದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ತೂರಿಸಬೇಡಿ.

4. ಪಟ್ಟಿಯ ಕೊನೆಯ ಕಾಮಾವನ್ನು ಹಗುರವಾಗಿ ನೋಡಬೇಡಿ

"ಮಿಲ್ಕ್, ಕರ್ಡ್ ಅಂಡ್ ಬಟರ್" ಎಂದರೂ ಸರಿ, "ಮಿಲ್ಕ್, ಕರ್ಡ್, ಅಂಡ್ ಬಟರ್" ಎಂದರೂ ಸರಿ. "ಅಂಡ್" ಹಿಂದಿನ ಈ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಎಂದು ಹೆಸರು. ನಮ್ಮಲ್ಲಿ "ಹಾಲೂ ಮೊಸರೂ ಬೆಣ್ಣೆಯೂ" ಎಂದರೆ ಮುಗಿಯಿತು. ಪ್ರತಿ ಪದಕ್ಕೂ "ಊ" ಬಾಲ, ಯಾವುದು ಯಾವುದಕ್ಕೆ ಸೇರಿದ್ದು ಎಂಬ ಜಗಳವೇ ಇಲ್ಲ.

ಇಂಗ್ಲಿಷಿನಲ್ಲಿ ಜಗಳ ಕೋರ್ಟಿನವರೆಗೂ ಹೋಗಿದೆ. ಅಮೆರಿಕದ ಮೈನ್ ರಾಜ್ಯದ ಕಾನೂನಿನಲ್ಲಿ ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ದರ ಅನ್ವಯಿಸುವುದಿಲ್ಲ ಎಂಬ ಪಟ್ಟಿಯಿತ್ತು. ಅದರ ತುದಿಯಲ್ಲಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಎಂದಿತ್ತು. "ಶಿಪ್‌ಮೆಂಟ್" ಆದ ಮೇಲೆ ಕಾಮಾ ಇಲ್ಲ. ಓಕ್‌ಹರ್ಸ್ಟ್ ಡೈರಿಯ ಲಾರಿ ಚಾಲಕರು ಇದನ್ನೇ ಹಿಡಿದರು. ಪಟ್ಟಿಯಲ್ಲಿರುವುದು ಪ್ಯಾಕ್ ಮಾಡುವ ಕೆಲಸವೊಂದೇ. ನಾವು ಪ್ಯಾಕ್ ಮಾಡುವುದಿಲ್ಲ, ಹಂಚುತ್ತೇವೆ. ಹಂಚಿಕೆ ಪ್ರತ್ಯೇಕ ಕೆಲಸ ಎನ್ನಲು ಕಾಮಾ ಎಲ್ಲಿದೆ, ಎಂಬುದು ಅವರ ವಾದ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಕಡೆ ನಿಂತಿತು. 2018ರಲ್ಲಿ ವ್ಯಾಜ್ಯ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ತೀರ್ಪಿನ ಬಳಿಕ ಶಾಸನಸಭೆ ಆ ಪಟ್ಟಿಗೆ ಕಾಮಾ ಬೇಡ, ಸೆಮಿಕೋಲನ್ನೇ ಇರಲಿ ಎಂದು ತಿದ್ದಿತು.

ಸೂತ್ರ ಇಷ್ಟೇ: ಒಂದು ಪದ್ಧತಿ ಹಿಡಿದು ಅದಕ್ಕೆ ಅಂಟಿಕೊಳ್ಳಿ. ಆದರೆ ಗೊಂದಲದ ವಾಸನೆ ಬಂದರೆ ಯಾವ ಪದ್ಧತಿಯಲ್ಲಿದ್ದರೂ ಕಾಮಾ ಹಾಕಿ.

5. ಅಪಾಸ್ಟ್ರಫಿಗೆ ಷಷ್ಠೀ ವಿಭಕ್ತಿಯೇ ಒರೆಗಲ್ಲು

ಅಕ್ಕನ, ಮನೆಯ, ಮರದ, ಹುಡುಗರ: ಕನ್ನಡದಲ್ಲಿ ಯೋಚಿಸಿದಾಗ ಹೆಸರಿನ ಕೊನೆಗೆ ಈ "ಅ" ಬಂದು ಒಡೆತನ ಹೇಳುತ್ತಿದ್ದರೆ ಅಪಾಸ್ಟ್ರಫಿ ಬೇಕು. ಅಕ್ಕನ ಮದುವೆ, "ಸಿಸ್ಟರ್'ಸ್ ಮ್ಯಾರೇಜ್". ನಮ್ಮ ಹುಡುಗನ ಅರ್ಜಿಯಲ್ಲಿ ಬಿಟ್ಟುಹೋದದ್ದು ಇದೇ. ಕನ್ನಡದಲ್ಲಿ "ಗಳು" ಬಂದರೆ, ಅದು ಬರೀ ಬಹುವಚನ, ಅಪಾಸ್ಟ್ರಫಿ ಬೇಡ. ಹೋಟೆಲ್ ಬೋರ್ಡಿನ ಮೇಲೆ "ಮೀಲ್'ಸ್ ರೆಡಿ" ಎಂದು ಬರೆದರೆ ಊಟ ರುಚಿಯಾಗಿರಬಹುದು, ಅಪಾಸ್ಟ್ರಫಿಗೆ ಮಾತ್ರ ಅಲ್ಲಿ ಎಲೆ ಹಾಕಿಲ್ಲ.

"ಗಳ" ಎಂದು ಎರಡೂ ಸೇರಿದರೆ? ವಿದ್ಯಾರ್ಥಿಗಳ ಹಾಸ್ಟೆಲ್, "ಸ್ಟೂಡೆಂಟ್ಸ್' ಹಾಸ್ಟೆಲ್". ಮೊದಲು ಬಹುವಚನದ "ಸ್", ಅದರ ಬೆನ್ನಿಗೆ ಅಪಾಸ್ಟ್ರಫಿ. ಕನ್ನಡದಲ್ಲಿಯೂ "ಗಳ್" ಮೊದಲು, "ಅ" ಆಮೇಲೆ. ಕ್ರಮ ಒಂದೇ.

ಒಂದು ಕಡೆ ಈ ಒರೆಗಲ್ಲು ಮೋಸ ಮಾಡುತ್ತದೆ. "ಅದರ" ಎಂಬರ್ಥದ "ಇಟ್ಸ್"ಗೆ ಅಪಾಸ್ಟ್ರಫಿ ಇಲ್ಲ. "ಇಟ್ ಈಸ್" ಎಂಬುದನ್ನು ಕುಗ್ಗಿಸಿದಾಗಿನ "ಇಟ್'ಸ್"ಗೆ ಇದೆ. ಅನುಮಾನ ಬಂದಾಗ ಬಿಡಿಸಿ ಓದಿ. "ಇಟ್ ಈಸ್" ಎಂದು ಬಿಡಿಸಿದರೂ ವಾಕ್ಯ ನಿಂತರೆ ಅಪಾಸ್ಟ್ರಫಿ ಇರಲಿ, ಬಿದ್ದರೆ ತೆಗೆಯಿರಿ.

6. "ಅಂತ"ವನ್ನು ಉದ್ಧರಣ ಚಿಹ್ನೆಗೆ ಬದಲಾಯಿಸಿ, ಎರಡನ್ನೂ ಒಟ್ಟಿಗೆ ಹಾಕಬೇಡಿ

"ನಾನು ನಾಳೆ ಬರ್ತೀನಿ ಅಂತ ಅವನು ಹೇಳಿದ." ಕನ್ನಡದ ಸೊಗಸಾದ ವಾಕ್ಯ. ಇಲ್ಲಿ "ನಾನು" ಯಾರು? ಅವನೇ. "ಅಂತ" ಎಂಬ ಪುಟ್ಟ ಪದ ಅವನ ಮಾತನ್ನು ಇದ್ದ ಹಾಗೇ ಕಟ್ಟಿಕೊಟ್ಟಿದೆ. ಇದನ್ನೇ ಇಂಗ್ಲಿಷಿಗೆ ಎಳೆದು "ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೊ" ಎಂದರೆ ಬರುವವರು ನೀವಾಗುತ್ತೀರಿ!

ದಾರಿ ಎರಡು, ಆಯ್ಕೆ ಒಂದೇ. ಅವನ ಬಾಯಿಮಾತನ್ನೇ ಕೊಡುವುದಾದರೆ "ದಟ್" ಕೈಬಿಟ್ಟು ಉದ್ಧರಣ ಚಿಹ್ನೆ ಹಾಕಿ: ಹಿ ಸೆಡ್, "ಐ ವಿಲ್ ಕಮ್ ಟುಮಾರೊ." ನಿಮ್ಮ ಮಾತಿನಲ್ಲಿ ಹೇಳುವುದಾದರೆ ಚಿಹ್ನೆ ಕೈಬಿಟ್ಟು "ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ" ಎನ್ನಿ. ಬ್ರಿಟಿಷ್ ಪುಸ್ತಕಗಳಲ್ಲಿ ಒಂಟಿ ಚಿಹ್ನೆ ಹೆಚ್ಚು, ಅಮೆರಿಕದಲ್ಲಿ ಜೋಡಿ. ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಒತ್ತು ಕೊಡಲು ಉದ್ಧರಣ ಚಿಹ್ನೆ ಬಳಸಲೇಬೇಡಿ. ಅಂಗಡಿಯವರು ಬೋರ್ಡಿನಲ್ಲಿ "ಫ್ರೆಶ್" ಪದವನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿದರೆ, ತರಕಾರಿ ಯಾವತ್ತಿನದೋ ಎಂಬ ಸಂಶಯ ಶುರುವಾಗುತ್ತದೆ.

7. ಪ್ರಶ್ನೆಚಿಹ್ನೆ ನೇರ ಪ್ರಶ್ನೆಗೆ ಮಾತ್ರ

"ಬರ್ತೀಯಾ" ಎಂಬುದರಲ್ಲಿ ಪ್ರಶ್ನೆ "ಆ"ದೊಳಗೇ ಇದೆ. ಚಿಹ್ನೆ ಮರೆತರೂ ನಷ್ಟವಿಲ್ಲ. ಇಂಗ್ಲಿಷಿನಲ್ಲಿ ಪದಗಳ ಕ್ರಮ ತಿರುಗಬೇಕು, ಚಿಹ್ನೆಯೂ ಬೇಕು: "ಆರ್ ಯು ಕಮಿಂಗ್?" ಆದರೆ "ಐ ವಾಂಟ್ ಟು ನೋ ವೇರ್ ದ ಆಫೀಸ್ ಈಸ್" ಎಂಬುದು ಪ್ರಶ್ನೆಯಲ್ಲ, ಹೇಳಿಕೆ. ಅಲ್ಲಿ ಕ್ರಮವೂ ತಿರುಗುವುದಿಲ್ಲ, ಚಿಹ್ನೆಯೂ ಬರುವುದಿಲ್ಲ.

ಆಶ್ಚರ್ಯಸೂಚಕ ಉಪ್ಪಿನಕಾಯಿ ಇದ್ದ ಹಾಗೆ, ಎಲೆಯ ತುದಿಗೆ ಸಾಕು. ಗೆಳೆಯರಿಗೆ ಬರೆಯುವಾಗ ಒಂದು. ಕಚೇರಿಯ ಪತ್ರದಲ್ಲಿ ಸೊನ್ನೆ.

8. ಸೆಮಿಕೋಲನ್ ತಕ್ಕಡಿ, ಕೋಲನ್ ಬಾಗಿಲು

ಸೆಮಿಕೋಲನ್ ಅಚ್ಚಿಗೆ ಬಂದದ್ದು 1490ರ ದಶಕದಲ್ಲಿ, ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್‌ನ ಮುದ್ರಣಾಲಯದಿಂದ. ಕಾಮಾಕ್ಕಿಂತ ಹೆಚ್ಚು, ಫುಲ್‌ಸ್ಟಾಪ್‌ಗಿಂತ ಕಡಿಮೆ ನಿಲ್ಲಿಸಬೇಕಾದಾಗ ಅದು ಬೇಕು. ತಕ್ಕಡಿಯೆಂದು ನೆನಪಿಡಿ: ಎರಡೂ ತಟ್ಟೆಯಲ್ಲಿ ಪೂರ್ಣ ವಾಕ್ಯವೇ ಇರಬೇಕು. "ದ ಬಸ್ ವಾಸ್ ಲೇಟ್; ವಿ ಮಿಸ್ಡ್ ದ ಟ್ರೇನ್." ಪಟ್ಟಿಯ ವಸ್ತುಗಳೊಳಗೇ ಕಾಮಾ ಇದ್ದರೆ ಅವುಗಳನ್ನು ಬೇರ್ಪಡಿಸಲೂ ಅದು ಒದಗುತ್ತದೆ.

ಕೋಲನ್ ಬಾಗಿಲು. ಅದರ ಎಡಕ್ಕೆ ಪೂರ್ಣ ವಾಕ್ಯ ನಿಂತು, "ನೋಡಿ, ಒಳಗಿದೆ" ಎಂದು ಬಲಕ್ಕೆ ತೋರಿಸುತ್ತದೆ. "ಐ ನೀಡ್ ತ್ರೀ ಥಿಂಗ್ಸ್: ಅ ಪೆನ್, ಪೇಪರ್ ಅಂಡ್ ಟೈಮ್." "ಐ ನೀಡ್:" ಎಂದು ಅರ್ಧಕ್ಕೇ ಬಾಗಿಲು ತೆರೆಯಬೇಡಿ.

ನಮ್ಮ ಕಚೇರಿಗಳಲ್ಲಿ ಕೋಲನ್ ಪಕ್ಕ ಒಂದು ಅಡ್ಡಗೆರೆ ಎಳೆದು ":-" ಎಂದು ಬರೆಯುವ ರೂಢಿ ಬಲವಾಗಿದೆ. ಗೆರೆ ಬಿಡಿ, ಎರಡು ಚುಕ್ಕಿ ಸಾಕು.

9. ಗೌರವಕ್ಕೆ ಕ್ಯಾಪಿಟಲ್ ಹಾಕಬೇಡಿ, ಜಾಗಕ್ಕೆ ಜಿಪುಣತನ ಮಾಡಬೇಡಿ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವಿಲ್ಲ. ನಾವು ಗೌರವ ತೋರುವುದು "ಅವರು", "ಬಂದರು" ಎಂಬ ಬಹುವಚನದಲ್ಲಿ. ಇಂಗ್ಲಿಷಿಗೆ ಹೋದಾಗ ಆ ಗೌರವವನ್ನು ಎಲ್ಲಿಡುವುದೆಂದು ತಿಳಿಯದೆ ಮ್ಯಾನೇಜರ್, ಫಾದರ್, ಮ್ಯಾರೇಜ್ ಎಲ್ಲಕ್ಕೂ ಕ್ಯಾಪಿಟಲ್ ತೊಡಿಸುತ್ತೇವೆ. ವಾಕ್ಯದ ಮೊದಲ ಅಕ್ಷರ, ಅಂಕಿತನಾಮ, ವಾರ ಮತ್ತು ತಿಂಗಳ ಹೆಸರು, "ನಾನು" ಎಂಬರ್ಥದ "ಐ": ಸದ್ಯಕ್ಕೆ ಇಷ್ಟೇ. ಮೊಬೈಲಿನ ಚಾಳಿಯಲ್ಲಿ ಆ "ಐ"ಯನ್ನು ಚಿಕ್ಕದಾಗಿ ಬರೆದು ಅರ್ಜಿ ಕಳಿಸುವುದು, ಚಪ್ಪಲಿ ಹಾಕದೆ ಸಂದರ್ಶನಕ್ಕೆ ಹೋದಂತೆ.

ಚುಕ್ಕಿ, ಕಾಮಾಗಳು ಹಿಂದಿನ ಪದಕ್ಕೆ ಅಂಟಿರಲಿ. ಮುಂದೆ ಒಂದು ಜಾಗ ಬಿಡಿ. ಟೈಪ್ ಮಾಡುವವರು ಇದನ್ನು ತಲೆಕೆಳಗು ಮಾಡಿದರೆ ಕಾಮಾ ಮುಂದಿನ ಸಾಲಿನ ಆರಂಭಕ್ಕೆ ಹೋಗಿ ಅನಾಥವಾಗಿ ಕೂರುತ್ತದೆ.

10. ಒಂದು ಪ್ಯಾರಾ, ಒಂದೇ ವಿಷಯ

ಪ್ಯಾರಾಗ್ರಾಫ್ ಎಂಬ ಪದದ ಗ್ರೀಕ್ ಮೂಲಕ್ಕೆ "ಪಕ್ಕದಲ್ಲಿ ಬರೆದದ್ದು" ಎಂದರ್ಥ. ವಿಷಯ ಬದಲಾಯಿತು ಎಂದು ತೋರಿಸಲು ಸಾಲಿನ ಅಂಚಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಗೀಟು ಹೋಗಿ ಈಗ ಖಾಲಿ ಜಾಗ ಉಳಿದಿದೆ. ಕೆಲಸ ಅದೇ.

ಎಷ್ಟು ಸಾಲಿಗೆ ಪ್ಯಾರಾ ಮುರಿಯಬೇಕು ಎಂದು ಕೇಳುತ್ತಾರೆ. ಸಾಲು ಎಣಿಸಬೇಡಿ, ವಿಷಯ ಎಣಿಸಿ. ಕಾಲ ಬದಲಾದರೆ, ಸ್ಥಳ ಬದಲಾದರೆ, ವಾದದ ಇನ್ನೊಂದು ಮಗ್ಗುಲಿಗೆ ಹೊರಳಿದರೆ ಹೊಸ ಪ್ಯಾರಾ. ಸಂಭಾಷಣೆಯಲ್ಲಿ ಮಾತಾಡುವವರು ಬದಲಾದಾಗಲೆಲ್ಲ ಹೊಸ ಪ್ಯಾರಾ. ಬರೆದಾದ ಮೇಲೆ ಪ್ರತಿ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಎರಡು ಪದದ ಹೆಸರು ಬರೆಯಿರಿ, ಕನ್ನಡದಲ್ಲೇ: "ಮದುವೆ ದಿನಾಂಕ", "ರಜೆ ಬೇಡಿಕೆ", "ಕೆಲಸದ ಏರ್ಪಾಡು". ಒಂದು ಪ್ಯಾರಾಕ್ಕೆ ಎರಡು ಹೆಸರು ಬೇಕೆನಿಸಿದರೆ ಅದನ್ನು ಒಡೆಯಿರಿ. ಎರಡು ಪ್ಯಾರಾಕ್ಕೆ ಒಂದೇ ಹೆಸರು ಬಂದರೆ ಕೂಡಿಸಿ.

ಗುರುತಿಗೆ ಎರಡು ಪದ್ಧತಿ: ಮೊದಲ ಸಾಲನ್ನು ಒಳಸರಿಸುವುದು, ಇಲ್ಲವೇ ಪ್ಯಾರಾಗಳ ನಡುವೆ ಒಂದು ಸಾಲು ಖಾಲಿ ಬಿಡುವುದು. ಒಂದನ್ನು ಆರಿಸಿಕೊಳ್ಳಿ, ಎರಡನ್ನೂ ಒಟ್ಟಿಗೆ ಬೇಡ.

11. ಮುಖ್ಯ ಮಾತನ್ನು ಪ್ಯಾರಾದ ತಲೆಗೆ ತನ್ನಿ

ಕನ್ನಡದ ವಾಕ್ಯ ಕ್ರಿಯಾಪದವನ್ನು ಕೊನೆಯವರೆಗೆ ಕಾಯಿಸುತ್ತದೆ. ನಮ್ಮ ಪತ್ರಗಳೂ ಹಾಗೇ. "ಇತ್ತ ಎಲ್ಲರೂ ಕ್ಷೇಮ" ಎಂದು ಶುರುವಾಗಿ, ಮಳೆ ಬೆಳೆ ಮುಗಿದು, ದುಡ್ಡು ಕಳಿಸಿ ಎಂಬ ಮಾತು ಕೊನೆಯ ಸಾಲಿಗೆ ಬರುತ್ತದೆ. ಅದು ನಮ್ಮ ಸೌಜನ್ಯ, ತಪ್ಪೇನಿಲ್ಲ. ಇಂಗ್ಲಿಷಿನ ವ್ಯವಹಾರದ ಬರಹ ಮಾತ್ರ ಅದರ ತಿರುವುಮುರುವು. ಮೊದಲ ವಾಕ್ಯದಲ್ಲೇ ವಿಷಯ ಹೇಳಬೇಕು, ಕಾರಣ ವಿವರಗಳು ಅದರ ಹಿಂದೆ ಸಾಲಾಗಿ ಬರಬೇಕು. ಪ್ಯಾರಾದ ಆರಂಭದಲ್ಲೇ ಅದರ ವಿಷಯ ಗೊತ್ತಾಗಬೇಕು, ಪ್ರತಿ ವಾಕ್ಯವೂ ಹಿಂದಿನದಕ್ಕೆ ಹೊಂದಬೇಕು ಎಂಬ ನಿಯಮಗಳನ್ನು 1866ರಲ್ಲೇ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ತಮ್ಮ ಪಠ್ಯಪುಸ್ತಕದಲ್ಲಿ ಕಟ್ಟಿಕೊಟ್ಟಿದ್ದರು. ಶಾಲೆಗಳಲ್ಲಿ ಇಂದಿಗೂ ಕಲಿಸುವುದು ಹೆಚ್ಚುಕಡಿಮೆ ಅದನ್ನೇ.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಇದು ನೇರ ಲಾಭ. ಯುಪಿಎಸ್‌ಸಿ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಇಂಗ್ಲಿಷ್ ಪತ್ರಿಕೆ ಅರ್ಹತೆಗಾಗಿ ಇದೆ; ಪ್ರಬಂಧ, ಸಾರಲೇಖನ ಅದರ ಭಾಗ. ಸಾರಲೇಖನಕ್ಕೆ ಕೊಟ್ಟ ಗದ್ಯದಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯಕ್ಕೆ ಅಡಿಗೆರೆ ಹಾಕಿ ನೋಡಿ, ಅರ್ಧ ಸಾರ ಅಲ್ಲೇ ಸಿಗುತ್ತದೆ. ಇನ್ನು ನಿಮ್ಮ ಪ್ರಬಂಧದಲ್ಲಿ ಪ್ಯಾರಾಗಳ ನಡುವೆ "ಫಸ್ಟ್‌ಲಿ, ಸೆಕೆಂಡ್‌ಲಿ" ಎಂದು ಮೊಳೆ ಹೊಡೆಯಬೇಡಿ. ಹಿಂದಿನ ಪ್ಯಾರಾದ ಕೊನೆಯ ಮಾತನ್ನೇ ಮುಂದಿನದರ ಮೊದಲ ವಾಕ್ಯ ಕೈಹಿಡಿದು ಕರೆದೊಯ್ದರೆ ಸಾಕು.

12. ದಿನಕ್ಕೆ ಕಾಲು ಗಂಟೆ, ಒಂದು ಸಲಕ್ಕೆ ಒಂದೇ ಚಿಹ್ನೆ

ನಿಯಮ ಓದಿದರೆ ಮರೆಯುತ್ತದೆ, ಕೈಗೆ ಇಳಿದರೆ ಉಳಿಯುತ್ತದೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ಒಂದು ಪ್ಯಾರಾ ಆರಿಸಿ. ಎಲ್ಲ ಚಿಹ್ನೆ, ಕ್ಯಾಪಿಟಲ್‌ಗಳನ್ನು ತೆಗೆದು ನೋಟ್‌ಬುಕ್ಕಿಗೆ ಇಳಿಸಿ. ಮರುದಿನ ಮೂಲ ನೋಡದೆ ಚಿಹ್ನೆ ಹಾಕಿ, ಆಮೇಲೆ ತಾಳೆ ನೋಡಿ. ಎಲ್ಲಿ ತಪ್ಪಿತು ಎಂಬುದಕ್ಕಿಂತ ಏಕೆ ತಪ್ಪಿತು ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ.

ನಿಮ್ಮದೇ ಬರಹ ತಿದ್ದುವಾಗ ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ. ಮೊದಲ ಸುತ್ತಿನಲ್ಲಿ ಬರೀ ಫುಲ್‌ಸ್ಟಾಪ್. ಎರಡನೆಯದರಲ್ಲಿ ಕಾಮಾ. ಮೂರನೆಯದರಲ್ಲಿ ಅಪಾಸ್ಟ್ರಫಿ. ನಾಲ್ಕನೆಯದರಲ್ಲಿ ಪ್ಯಾರಾ. ಅಕ್ಕಿ ಆರಿಸುವವರಿಗೆ ಗೊತ್ತು: ಕಲ್ಲು ಹುಡುಕುವಾಗ ಕಲ್ಲನ್ನೇ ಹುಡುಕಬೇಕು.

ನಿಯಮ ಮುರಿಯುವ ಆಸೆಯಿದ್ದರೆ, ಮುರಿದವರೂ ಇದ್ದಾರೆ. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರಲ್ಲಿ ಇಂಗ್ಲಿಷಿನಲ್ಲಿ "ಕಾಂತಾಪುರ" ಕಾದಂಬರಿ ಪ್ರಕಟಿಸಿದರು. ಕನ್ನಡ ಸೀಮೆಯ ಹಳ್ಳಿಯ ಅಜ್ಜಿಯೊಬ್ಬಳು ಕತೆ ಹೇಳುವ ಓಟ ಅದರದ್ದು. "ಅಂಡ್"ಗಳ ಮೇಲೆ "ಅಂಡ್" ಪೋಣಿಸಿ, ಚುಕ್ಕಿಯನ್ನು ದೂರ ದೂರ ತಳ್ಳಿ ಬರೆದರು. ವಿರಾಮಚಿಹ್ನೆಗಳ ಗೊಡವೆಯಿಲ್ಲದೆ ನಾವು ಕತೆ ಹೇಳುತ್ತೇವೆ ಎಂಬರ್ಥದ ಮಾತನ್ನು ಮುನ್ನುಡಿಯಲ್ಲೇ ಆಡಿದರು. ಅವರು ಚುಕ್ಕಿ ಬಿಟ್ಟದ್ದು ತಿಳಿದು, ಬೇಕೆಂದೇ. ನಮ್ಮ ಹುಡುಗ ಬಿಟ್ಟದ್ದು ತಿಳಿಯದೆ. ವ್ಯತ್ಯಾಸ ಅಷ್ಟೇ.

ಆ ಹುಡುಗನಿಗೆ ನಾನು ಹೊಸ ಇಂಗ್ಲಿಷ್ ಪದ ಒಂದನ್ನೂ ಹೇಳಿಕೊಡಲಿಲ್ಲ. "ಈಗ ಕನ್ನಡದಲ್ಲಿ ಹೇಳಿದೆಯಲ್ಲಪ್ಪ, ಅದರಲ್ಲಿ ಇದೆ, ಬೇಕು, ಬರ್ತೀನಿ ಅಂತ ಎಲ್ಲೆಲ್ಲಿ ಬಂತೋ ಅಲ್ಲಲ್ಲಿ ಇಂಗ್ಲಿಷಲ್ಲೂ ನಿಲ್ಲಿಸು. ಬೇಕಾದ್ದನ್ನ ಮೊದಲು ಹೇಳು. ಅಕ್ಕನ 'ನ' ಮರೀಬೇಡ" ಎಂದೆ. ಅವನು ಅಲ್ಲೇ ನಿಂತು, ನನ್ನ ಪೆನ್ನು ತೆಗೆದುಕೊಂಡು ಬರೆದ:

"ಸರ್, ಐ ನೀಡ್ ಲೀವ್ ಆನ್ 12 ಅಂಡ್ 13. ಮೈ ಸಿಸ್ಟರ್'ಸ್ ಮ್ಯಾರೇಜ್ ಈಸ್ ಆನ್ ದೋಸ್ ಡೇಸ್. ಆನ್ 14, ಐ ವಿಲ್ ಜಾಯಿನ್ ಡ್ಯೂಟಿ."

ಮೂರು ಚುಕ್ಕಿ, ಎರಡು ಕಾಮಾ, ಒಂದು ಅಪಾಸ್ಟ್ರಫಿ. ಸಾಹೇಬರು ಈ ಸಲ ಕನ್ನಡಕವನ್ನು ಹಣೆಗೇರಿಸಲಿಲ್ಲ. ಸಹಿ ಹಾಕಿ ಕಾಗದ ವಾಪಸ್ ಕೊಡುತ್ತ ಒಂದೇ ಪ್ರಶ್ನೆ ಕೇಳಿದರು, ಅದೂ ಅರ್ಜಿಗೆ ಸೇರಿದ್ದಲ್ಲ: "ಊಟಕ್ಕೆ ಹೋಳಿಗೆ ಮಾಡಿಸ್ತೀರೇನಯ್ಯಾ?"